ಗೆಳೆತನದ ಬೆಂಚು ಸುಟ್ಟ ಕೇಸು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಸ್ಟೇಷನ್ನಿಗೆ ದೂರು ಬಂತು. ದೂರಿಗಿಂತ ಮುಂಚೆ ಸೆಂಟಿನ ವಾಸನೆ ಬಂತು. ಅದರ ಹಿಂದೆ ಇಂಟರ್‌ನ್ಯಾಷನಲ್ ಸ್ಕೂಲಿನ ಪ್ರಿನ್ಸಿಪಾಲ್ ಮೇಡಂ ಬಂದರು.

"ಬೆಂಚು ಸುಟ್ಟುಬಿಟ್ಟಿದ್ದಾರೆ ಸರ್!"

"ಎಷ್ಟು ಬೆಂಚು?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು."

ದೂರು ಬರೆಯುತ್ತಿದ್ದ ಪೇದೆ ಪೆನ್ನು ಕೆಳಗಿಟ್ಟ.

"ಬರೀ ಬೆಂಚಲ್ಲ ಕಣ್ರೀ, ಗೆಳೆತನದ ಬೆಂಚು. ಒಂಟಿ ಅನ್ನಿಸಿದ ಮಗು ಅದರ ಮೇಲೆ ಕೂತ್ರೆ ಇನ್ನೊಂದು ಮಗು ಬಂದು ಪಕ್ಕದಲ್ಲಿ ಕೂರುತ್ತೆ. ಗುರುವಾರ ತಪಾಸಣೆ ತಂಡ ಬರ್ತಿದೆ. ಮಕ್ಕಳ ಕ್ಷೇಮಕ್ಕೆ ನಮಗೆ ಐದು ಸ್ಟಾರ್ ಸಿಗ್ಬೇಕು. ಬಂದೋರಿಗೆ ಬೂದಿ ತೋರಿಸ್ಲಾ?"

ಎಫ್‌ಐಆರ್ ಆಯಿತು. ಬೆಂಕಿ ಹಚ್ಚಿ ಆಸ್ತಿಗೆ ಹಾನಿ, ಆರೋಪಿ ಅಪರಿಚಿತ. ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್; ಸ್ಟೇಷನ್ನಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು.

"ನನ್ ತಂಗಿ ಮಗನ್ನ ಅಲ್ಲಿ ಸೇರಿಸೋಕೆ ಹೋಗಿದ್ವಿ ಸಾರ್," ಅಂದಳು ಅಕ್ಕ. "ಬೇರೆ ಕಡೆ ಶುಕ್ಲಪಕ್ಷ, ಕೃಷ್ಣಪಕ್ಷ ಅಂತ ಎರಡಿರುತ್ತೆ. ಅಲ್ಲಿ ವರ್ಷವಿಡೀ ಶುಲ್ಕಪಕ್ಷ."

ಬೆಂಚು ಇದ್ದದ್ದು ಮೈದಾನದ ಮೂಲೆಯ ಮರದ ಕೆಳಗೆ. ಸುಟ್ಟದ್ದು ಅಲ್ಲಿ ಅಲ್ಲ. ಹುಲ್ಲಿನ ಮೇಲೆ ಎಳೆದ ಗುರುತು ಸಭಾಂಗಣದ ಹಿಂದಿನ ಸಿಮೆಂಟ್ ನೆಲಕ್ಕೆ ಹೋಗಿ ನಿಂತಿತ್ತು. ಅಲ್ಲಿ ಬೂದಿ, ನಾಲ್ಕು ಬೋಲ್ಟು, ಅರ್ಧ ಬೆಂದ ಹಲಗೆ. ಪಕ್ಕದಲ್ಲಿ ಕೆಂಪು ಬಕೆಟ್ಟಿನ ತುಂಬ ಮರಳು, ನೆನೆಸಿಟ್ಟ ಕಂಬಳಿ. ತೋಟದವನನ್ನೂ ಆಟದ ಮೇಷ್ಟ್ರನ್ನೂ ಸಾಕ್ಷಿಗೆ ನಿಲ್ಲಿಸಿ ಪಂಚನಾಮೆ ಮುಗಿಸಿದರು.

"ಬೆಂಕಿ ಹಚ್ಚೋರು ಮರಳಿನ ಬಕೆಟ್ ಇಟ್ಕೊಂಡು ಹಚ್ತಾರಾ ಸಾರ್?" ಅಕ್ಕ ಕೇಳಿದಳು. "ಕಳ್ಳ ಬಂದು ರಸೀದಿ ಕೊಟ್ಟು ಹೋದಂಗಾಯ್ತು."

"ಹುಷಾರು ಜನ," ಅಂದರು ಇನ್ಸ್‌ಪೆಕ್ಟರ್. "ಮರ ಸುಡಬಾರ್ದು, ಮಗು ಸುಟ್ಕೋಬಾರ್ದು ಅಂತ ಯೋಚ್ನೆ ಮಾಡಿದ್ದಾರೆ." ಆಮೇಲೆ ವಾಚ್‌ಮನ್ ಕಡೆ ತಿರುಗಿದರು. "ನಿನ್ನೆ ಭಾನುವಾರ ಯಾರು ಬಂದಿದ್ರು?"

"ಯಾರೂ ಬಂದಿಲ್ಲ ಸಾರ್."

"ಯಾರೂ?"

"ಸ್ಟಾಫ್ ಬಂದಿದ್ರು, ಗೋಡೆಗೆ ಚಾರ್ಟ್ ಅಂಟಿಸೋಕೆ. ಅರ್ಧಕ್ಕರ್ಧ ಇದ್ರು. ಅವರನ್ನ ಯಾರು ಅಂತಾರಾ ಸಾರ್?"

"ಕ್ಯಾಮೆರಾ?"

"ಫೀಸ್ ಕೌಂಟರ್‌ಗಿದೆ," ಮೇಡಂ ನಡುವೆ ಬಾಯಿ ಹಾಕಿದರು. "ಮೈದಾನಕ್ಕಿಲ್ಲ. ಮಕ್ಕಳ ಖಾಸಗಿತನ ನೋಡಿ."

ಊಟದ ಬೆಲ್ ಹೊಡೆಯಿತು. ಮೈದಾನ ತುಂಬಿತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು, ಕಿವಿಯ ಹಿಂದೆ ಕೇಳಿಸುವ ಮೆಷಿನ್ನು, ಕೈಯಲ್ಲಿ ಊಟದ ಡಬ್ಬಿ, ಸೀದಾ ಮರದ ಕೆಳಗೆ ಬಂದಳು. ಬೆಂಚು ಇರಲಿಲ್ಲ. ಇದ್ದ ಜಾಗದಲ್ಲೇ ನೆಲಕ್ಕೆ ಕೂತಳು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಪಕ್ಕದಲ್ಲಿ ಕೂತರು.

ಹುಡುಗಿ ಅವರ ಮುಖ ನೋಡಿ ಕೇಳಿದಳು, "ನೀವೇನ್ ತಪ್ಪು ಮಾಡಿದ್ರಿ ಅಂಕಲ್?"

"ಯಾಕಮ್ಮ?"

"ಲೇಟಾಗಿ ಬಂದೋರು, ಹೋಮ್‌ವರ್ಕ್ ಮಾಡ್ದೇ ಇರೋರನ್ನ ನನ್ ಪಕ್ಕ ಕೂರಿಸ್ತಾರೆ. ಗೆಳೆತನದ ಡ್ಯೂಟಿ ಅಂತ. ಬೆಲ್ ಹೊಡೆಯೋವರ್ಗೂ ಏಳಂಗಿಲ್ಲ. ದೊಡ್ಡ ತಪ್ಪಾದ್ರೆ ವಾರ ಪೂರ್ತಿ."

"ನೀನು ಬೇರೆ ಕಡೆ ಕೂರಬಹುದಲ್ಲ?"

"ಕೂತ್ರೆ ಹುಡುಕ್ಕೊಂಡ್ ಬರ್ತಾರೆ. ನಾನಿಲ್ದಿದ್ರೆ ಅವರಿಗೆ ಶಿಕ್ಷೆ ಎಲ್ಲಿ ಕೊಡೋದು?"

"ಸುಮ್‌ಸುಮ್ನೆ ಬಂದು ಮಾತಾಡೋರು ಯಾರೂ ಇಲ್ವಾ?"

"ಕೌನ್ಸೆಲರ್ ಮಿಸ್. ಅವರಿಗೆ ಯಾರೂ ಶಿಕ್ಷೆ ಕೊಟ್ಟಿಲ್ವಂತೆ. ಕೇಳಿದೀನಿ."

"ಬೆಂಚು ಸುಟ್ಟಿದ್ದು ಯಾರು ಗೊತ್ತಾ?"

ಹುಡುಗಿ ಡಬ್ಬಿಯ ಮುಚ್ಚಳ ಮುಚ್ಚಿದಳು. "ನಾನೇ."

"ಎಲ್ಲಿ ಸುಟ್ಟೆ?"

"ಇಲ್ಲೇ."

ಇಲ್ಲಿ ಹುಲ್ಲು ಹಸಿರಾಗೇ ಇತ್ತು. ಆದರೆ ಹಿಂದೆ ನಿಂತಿದ್ದ ಮೇಡಂಗೆ ಹುಲ್ಲು ಕಾಣಲಿಲ್ಲ, ಮಾತು ಮಾತ್ರ ಕೇಳಿಸಿತು.

"ಒಪ್ಕೊಂಡ್ಲಲ್ಲ! ಇವತ್ತೇ ಟಿ.ಸಿ. ಕೊಟ್ಟು ಕಳಿಸ್ತೀನಿ. ಎಲ್ಲರನ್ನೂ ಒಳಗೊಳ್ಳಬೇಕು ಅಂತ ಸೇರಿಸ್ಕೊಂಡಿದ್ದಕ್ಕೆ ಒಳ್ಳೇ ಫಲ."

"ಒಳಗೊಳ್ಳೋ ನೀತಿ, ಹೊರಗೆ ನೂಕೋ ರೀತಿ," ಅಕ್ಕ ಗೊಣಗಿದಳು.

ಕಾರಿಡಾರಿನಲ್ಲಿ ಸಾಲಾಗಿ ಕೆಂಪು ಬಕೆಟ್ಟುಗಳು ತೂಗುತ್ತಿದ್ದವು. ಕ್ಷೇಮ ಕೋಣೆ ಅಂತ ಬೋರ್ಡು ಹಾಕಿದ್ದ ಬಾಗಿಲ ಪಕ್ಕ ಮಾತ್ರ ಖಾಲಿ ಕೊಕ್ಕೆ. ಒಳಗೆ ಕೌನ್ಸೆಲರ್ ಕೂತಿದ್ದಳು, ಬಲಗೈಗೆ ಬ್ಯಾಂಡೇಜು.

"ಹುಡುಗಿ ತಾನೇ ಸುಟ್ಟೆ ಅಂತಿದ್ದಾಳೆ. ಮೇಡಂ ಟಿ.ಸಿ. ಬರೆಸ್ತಿದ್ದಾರೆ," ಅಂದರು ಇನ್ಸ್‌ಪೆಕ್ಟರ್.

ಅವಳು ಎದ್ದಳು. "ನಿಲ್ಲಿಸೋಕೆ ಹೇಳಿ ಸರ್. ಸುಟ್ಟಿದ್ದು ನಾನು."

"ಒಬ್ಬರೇನಾ?"

"ಒಬ್ಬಳೇ. ಎಳೆಯೋಕೆ ಬೆಳಗ್ಗೆಯೆಲ್ಲ ಹಿಡೀತು."

"ಯಾರೂ ಕೇಳ್ಲಿಲ್ವಾ?"

"ಆಟದ ಮೇಷ್ಟ್ರು ಕೇಳಿದ್ರು. ಪೇಂಟಿಂಗಿಗೆ ಅಂದೆ. ಹೊಗೆ ಬಂದಾಗ ಎಲ್ರೂ ಎಲೆ ಸುಡ್ತಿದ್ದಾರೆ ಅಂದ್ಕೊಂಡ್ರು."

"ಯಾಕೆ ಮಾಡಿದ್ರಿ?"

"ಆ ಬೆಂಚು ತರಿಸಿದ್ದೇ ನಾನು ಸರ್. ಒಂದು ಮಗು ತಾನಾಗೇ ಕೂರಲಿ, ಇನ್ನೊಂದು ತಾನಾಗೇ ಬರಲಿ ಅಂತ. ಯಾರೂ ಬರ್ಲಿಲ್ಲ. ಖಾಲಿ ಕಂಡ್ರೆ ಚೆನ್ನಾಗಿರಲ್ಲ ಅಂತ ಮೇಡಂ ಡ್ಯೂಟಿ ಹಾಕಿದ್ರು. ತೆಗೆಸಿ ಅಂದೆ. ಸ್ಕೂಲಿನ ಜಾಹೀರಾತಲ್ಲಿ ಬಂದಿದೆ, ಆಗಲ್ಲ ಅಂದ್ರು. ಶುಕ್ರವಾರ ಆ ಹುಡುಗಿ ಬಂದು ಕೇಳಿದ್ಲು: ಮಿಸ್, ನಾನು ಏನ್ ತಪ್ಪು ಮಾಡಿದ್ರೆ ನನ್ನನ್ನ ಬೇರೆಯವರ ಪಕ್ಕ ಕೂರಿಸ್ತಾರೆ?"

ಅಕ್ಕ ಕಿಟಕಿ ಕಡೆ ತಿರುಗಿದಳು.

"ಈ ಡ್ಯೂಟಿ ವಿಷಯ ದೂರು ಕೊಡಬಹುದಿತ್ತು," ಅಂದರು ಇನ್ಸ್‌ಪೆಕ್ಟರ್.

"ಕೊಟ್ಟೆ. ಇಲಾಖೆಯೋರು ಸ್ಕೂಲಿನ ಸಮಿತಿಗೇ ಕಳಿಸಿದ್ರು. ಸಮಿತಿಗೂ ಒಂದು ಮಿತಿ ಇರುತ್ತಲ್ಲ ಸರ್. ಅಧ್ಯಕ್ಷರು ಪ್ರಿನ್ಸಿಪಾಲ್ ಮೇಡಮ್ಮೇ."

ಬಂಧನ ಅಲ್ಲೇ ಆಯಿತು. ಜೀಪಿನ ತನಕ ಅಕ್ಕ ಅವಳ ಬ್ಯಾಂಡೇಜಿಲ್ಲದ ಕೈ ಹಿಡಿದುಕೊಂಡೇ ಬಂದಳು. ರಿಪೋರ್ಟಿನಲ್ಲಿ ಅದನ್ನು ಬೆಂಗಾವಲು ಅಂತ ಬರೆದರು. ಮರದ ಕೆಳಗಿಂದ ಹುಡುಗಿ ನೋಡುತ್ತಿದ್ದಳು. ಕೈ ಬೀಸಲೋ ಬೇಡವೋ ತಿಳಿಯದೆ ಡಬ್ಬಿ ಎತ್ತಿ ಹಿಡಿದಳು.

ಮಾರನೇ ದಿನ ಕೌನ್ಸೆಲರ್‌ಗೆ ಜಾಮೀನು ಸಿಕ್ಕಿತು. ಕೆಲಸ ಹೋಯಿತು. ಇನ್ನು ಅವಳನ್ನು ಗೇಟಿನೊಳಗೆ ಬಿಡಬಾರದು ಅಂತ ವಾಚ್‌ಮನ್‌ಗೆ ಆರ್ಡರ್ ಆಯಿತು. ಹುಡುಗಿಗೆ ಟಿ.ಸಿ. ಕೊಡಲಿಲ್ಲ. ಬೆಂಚಿಗೆ ಅವಳು ಬೇಕಿತ್ತು.

ಗುರುವಾರ ಐದು ಸ್ಟಾರ್ ಬಂತು.

ಶುಕ್ರವಾರ ಮಧ್ಯಾಹ್ನ ಪ್ರಿನ್ಸಿಪಾಲರ ಹೇಳಿಕೆಗೆ ಸಹಿ ಹಾಕಿಸಲು ಇನ್ಸ್‌ಪೆಕ್ಟರ್ ಸ್ಕೂಲಿಗೆ ಹೋದರು. ಮರದ ಕೆಳಗೆ ಹೊಸ ಬೆಂಚು, ಕಬ್ಬಿಣದ್ದು, ನೆಲಕ್ಕೆ ಸಿಮೆಂಟ್ ಹಾಕಿ ಕೂರಿಸಿದ್ದರು. "ಇದಕ್ಕೆ ಬೆಂಕಿ ಹತ್ತಲ್ಲ," ಅಂತ ಮೇಡಂ ತಟ್ಟಿ ತೋರಿಸಿ ಒಳಗೆ ಹೋದರು. ಬೆಂಚಿನ ಒಂದು ತುದಿಯಲ್ಲಿ ಹುಡುಗಿ ಕೂತಿದ್ದಳು. ಡಬ್ಬಿ ತೆಗೆದಿರಲಿಲ್ಲ.

ಇನ್ಸ್‌ಪೆಕ್ಟರ್ ಇನ್ನೊಂದು ತುದಿಯಲ್ಲಿ ಕೂತರು.

"ಈಗೇನ್ ತಪ್ಪು ಮಾಡಿದ್ರಿ ಅಂಕಲ್?"

"ನಿನ್ ಮಿಸ್‌ನ ಕರ್ಕೊಂಡ್ ಹೋದೆ," ಅಂದರು ಇನ್ಸ್‌ಪೆಕ್ಟರ್. ಬೆಲ್ ಹೊಡೆಯುವವರೆಗೂ ಅವರು ಏಳಲಿಲ್ಲ.