ಸಂತಾನದ ಮೊಳೆ

"ಚಿಕ್ಕ ಧಣಿ, ಒಂದು ಹೆಜ್ಜೆ ಹಿಂದಕ್ಕೆ ನಿಂತ್ಕೊಳ್ಳಿ. ನಿಮ್ಮ ನೆರಳು ಪೆಟ್ಟಿಗೆ ಒಳಗೆ ಬೀಳ್ತಾ ಇದೆ," ಎಂದಳು ಸಿಯೂ ಗೆಕ್.

ಕ್ವಾ ಜಿನ್ ಹೊ ನಕ್ಕ. ಅಪ್ಪನ ಹೆಣದ ಮುಂದೆ ನಿಂತು ನಗುವ ಮಗನನ್ನು ನಮ್ಮ ಬೀದಿ ಅಲ್ಲಿಯವರೆಗೆ ಕಂಡಿರಲಿಲ್ಲ.

"ಬಿದ್ರೆ ಏನಾಗುತ್ತಂತೆ? ನೆರಳಿಗೆ ಉಸಿರು ಕಟ್ಟುತ್ತಾ?"

"ನೆರಳಿಗಲ್ಲ. ಮುಚ್ಚಳ ಮುಚ್ಚೋವಾಗ ಒಳಗೆ ಬಿದ್ದದ್ದು ಒಳಗೇ ಉಳಿದುಬಿಡುತ್ತೆ. ನಾನು ಹೆಣದ ಪೆಟ್ಟಿಗೆ ಮಾಡೋನ ಮಗಳು. ಕಣ್ಣಾರೆ ನೋಡಿದೀನಿ."

"ಗೊತ್ತು ಬಿಡು. ಅಂಥ ಅಂಗಡಿಯಿಂದ ಹೆಣ್ಣು ತಂದ್ರೆ ಇಂಥ ಮಾತೇ ಕೇಳಬೇಕಾಗುತ್ತೆ."

ಅವಳು ಅವನ ಹಿಂದಿದ್ದ ದೀಪವನ್ನು ತಾನೇ ಎತ್ತಿ ಹೆಣದ ತಲೆಯ ಕಡೆಗೆ ಇಟ್ಟಳು. ನೆರಳು ಪೆಟ್ಟಿಗೆಯಿಂದ ಸರಿದು ಹಿಂದಿನ ಗೋಡೆಗೆ ಹೋಯಿತು. ಅಷ್ಟರ ಮಟ್ಟಿಗೆ ಅವಳು ಅವನಿಗೆ ಒಳ್ಳೆಯದನ್ನೇ ಬಯಸಿದ್ದಳು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಸತ್ತವನು ಕ್ವಾ ಚೂ ಬಾನ್. ಮಲಯದ ಪಿನಾಂಗ್‌ನಲ್ಲಿ ಅದು ಸಣ್ಣ ಹೆಸರಲ್ಲ. ರಬ್ಬರ್ ಗೋದಾಮುಗಳು, ತವರದ ವ್ಯಾಪಾರ, ಸಮುದ್ರಕ್ಕೆ ಮುಖ ಮಾಡಿದ ಬಂಗಲೆ. ಬಂಗಲೆ ಮೊದಲ ಹೆಂಡತಿಯದು, ಆಕೆ ತೀರಿಕೊಂಡ ಮೇಲೂ ಆಕೆಯದೇ. ಎರಡನೆಯವಳಾದ ಸಿಯೂ ಗೆಕ್‌ಗೆ, ಅವಳ ಮಗ ಜಿನ್ ಲಿಯಾಂಗ್‌ಗೆ, ನಮ್ಮ ಬೀದಿಯ ಇಕ್ಕಟ್ಟಿನ ಮನೆ. ಮೀಸೆ ಬಂದ ಮಗನಾದರೂ ಅವನು ತನ್ನಪ್ಪನನ್ನು ಧಣಿ ಎಂದೇ ಕರೆಯಬೇಕಿತ್ತು.

ಜಪಾನಿನ ವಿಮಾನಗಳು ಪೇಟೆಯ ಮೇಲೆ ಬಾಂಬು ಸುರಿದ ದಿನ ಚೂ ಬಾನ್ ಈ ಮನೆಯಲ್ಲಿದ್ದ. ತೊಡೆಗೆ ಹೊಕ್ಕ ಕಬ್ಬಿಣದ ಚೂರು ಒಳಗೇ ಕೊಳೆಯಿತು. ಪೇಟೆ ಜಪಾನೀಯರ ಕೈಸೇರಿತು. ಇಲ್ಲಿ ಕಾಲು ಕಪ್ಪಾಯಿತು, ಹುಳ ಬಿತ್ತು. ಸಿಯೂ ಗೆಕ್ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು, ಆ ವಾಸನೆಯಲ್ಲೇ ಕೂತು, ಊಟದ ಕಡ್ಡಿಗಳಿಂದ ಒಂದೊಂದೇ ಹುಳ ಹೆಕ್ಕುತ್ತಿದ್ದಳು. ಹಾಂಗ್‌ಕಾಂಗ್‌ನಲ್ಲಿ ಬೆಳೆದು, ಓದು ಮುಗಿಸಿ, ಯುದ್ಧ ಶುರುವಾಗುವ ಮುಂಚೆಯಷ್ಟೇ ಬಂದಿದ್ದ ಹಿರಿಯ ಮಗ ಜಿನ್ ಹೊ ಒಂದು ದಿನವೂ ಈ ಕಡೆ ತಲೆ ಹಾಕಲಿಲ್ಲ. ಈಗ ಬಂದಿದ್ದ. ಹೊರಗೆ ಸತ್ತವನ ಹೆಣವನ್ನು ಬಂಗಲೆಯ ಹೊಸ್ತಿಲು ದಾಟಿಸುವಂತಿರಲಿಲ್ಲ, ಆ ಮಗನಿಗೋ ಸಂತಾನದ ಮೊಳೆ ಬೇಕಿತ್ತು.

ಪೆಟ್ಟಿಗೆಯ ನಾಲ್ಕು ಮೂಲೆಗೆ ದೊಡ್ಡ ಮೊಳೆಗಳು. ಕಡೆಯದು ಚಿಕ್ಕದು, ಬೆರಳ ಗಿಣ್ಣಿನಷ್ಟು, ಕೆಂಪು ಬಟ್ಟೆ ಸುತ್ತಿದ್ದು. ಅದರ ತುದಿ ಮಾತ್ರ ಕಚ್ಚುವಂತೆ ಬಡಿಯುತ್ತಾರೆ. ಮಗನಾದವನು ಬಗ್ಗಿ ಅದನ್ನು ಹಲ್ಲಿನಿಂದ ಕಿತ್ತು, ಮನೆಗೊಯ್ದು ಧೂಪದ ಬಟ್ಟಲಲ್ಲಿ ನೆಡಬೇಕು. ಯಾವ ಮನೆಯ ಬಟ್ಟಲಲ್ಲಿ ಮೊಳೆ ಇದೆಯೋ ಆ ಮನೆಯಲ್ಲಿ ಸತ್ತವನ ಮಗನಿದ್ದಾನೆ. ಜಿನ್ ಹೊ ಇದನ್ನೆಲ್ಲ ನಂಬುತ್ತಿರಲಿಲ್ಲ. ಕುಲದ ಹಿರಿಯರು ನಂಬುತ್ತಿದ್ದರು, ಆಸ್ತಿ ಅವರ ಮಾತಿನ ಮೇಲೆ ನಿಂತಿತ್ತು.

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಹೊರಗೆ ಮಧ್ಯಾಹ್ನವಾದರೂ ಒಳಗೆ ಕತ್ತಲು. ಅರಗಿನ ಬಣ್ಣದ ಕಮಟು, ಕರ್ಪೂರ, ಅದೆಲ್ಲದರ ಅಡಿಯಿಂದ ಮೇಲೇಳುವ ಕೊಳೆತ ಮಾಂಸದ ವಾಸನೆ. ಬಾಗಿಲಲ್ಲಿ ನಾವು ಬೀದಿಯವರು ಮೂಗು ಮುಚ್ಚಿಕೊಂಡು ನಿಂತಿದ್ದೆವು.

ಸಿಯೂ ಗೆಕ್ ಹಿರಿಯವನ ಕಾಲ ಬಳಿ ಮಂಡಿಯೂರಿದಳು. "ಒಂದೇ ಒಂದು ಕೇಳ್ಕೋತೀನಿ. ಮೊಳೆ ನೀವೇ ಕಿತ್ಕೊಳ್ಳಿ, ನಿಮ್ಮನೆಗೇ ಒಯ್ಯಿರಿ. ನನ್ನ ಮಗ ಒಂದ್ಸಲ ಹಲ್ಲು ತಾಗಿಸ್ಲಿ, ಸಾಕು. ಅಪ್ಪ ಅಂತ ಕರೆಯೋಕಂತೂ ಬಿಡಲಿಲ್ಲ."

"ಅಣ್ಣ..." ಎನ್ನುತ್ತ ಜಿನ್ ಲಿಯಾಂಗ್ ಪೂಜಾರಿಯ ತಟ್ಟೆಯಲ್ಲಿದ್ದ ಮೊಳೆಯ ಕಡೆ ಕೈ ಚಾಚಿದ.

ಅಣ್ಣ ಎಂಬ ಮಾತು ಜಿನ್ ಹೊನ ಮೈಗೆ ಬೆಂಕಿ ಇಟ್ಟಿತು. ಅವನು ಸುತ್ತಿಗೆ ಎತ್ತಿಕೊಂಡ. ಬೀಸಿದ. ತಮ್ಮನ ಬಾಯಿಗೆ ಬಡಿಯಿತು. ಲಟ್ ಎಂದ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹುಡುಗ ಬಿದ್ದ ಮೇಲೂ ಇನ್ನೊಮ್ಮೆ ಬಡಿದ. ಮುಂದಿನ ಹಲ್ಲುಗಳೆಲ್ಲ ಪೆಟ್ಟಿಗೆ ಕೆಲಸದಿಂದ ನೆಲದಲ್ಲಿ ಉಳಿದಿದ್ದ ಮರದ ಹೊಟ್ಟಿನಲ್ಲಿ ಚೆಲ್ಲಿದವು.

"ಹಲ್ಲಿದ್ರೆ ತಾನೆ ಮೊಳೆ ಕೀಳೋದು?" ಎಂದು ಜಿನ್ ಹೊ ನಮ್ಮ ಕಡೆ ತಿರುಗಿದ. "ಎಲ್ಲಾರೂ ಕೇಳಿಸ್ಕೊಳ್ಳಿ. ಕ್ವಾ ಚೂ ಬಾನ್‌ಗೆ ಒಬ್ಬನೇ ಮಗ."

ಸಿಯೂ ಗೆಕ್ ಅಳಲಿಲ್ಲ. ಮಗನ ರಕ್ತದಲ್ಲಿ ನೆಂದ ಹೊಟ್ಟನ್ನು ಹಲ್ಲುಗಳ ಸಮೇತ ಮುಷ್ಟಿಯಲ್ಲಿ ಬಾಚಿಕೊಂಡಳು. ಎದ್ದಳು. ದೀಪವನ್ನು ಎತ್ತಿ ಮತ್ತೆ ಜಿನ್ ಹೊನ ಬೆನ್ನ ಹಿಂದೆ ಇಟ್ಟಳು. ನೆರಳು ತೆವಳಿ ಬಂದು ಹೆಣದ ಪಕ್ಕ ಮಲಗಿತು. ಅವಳು ತುಟಿ ಅಲ್ಲಾಡಿಸುತ್ತ ಮುಷ್ಟಿಯಲ್ಲಿದ್ದದ್ದನ್ನು ಆ ನೆರಳಿನ ತಲೆಯ ಮೇಲೆ ಸುರಿದಳು. ಪೂಜಾರಿ ಮುದುಕ ಕಂಡ. ಅವನ ಕೈಯ ಗಂಟೆ ನಿಂತಿತು. ನಾವೂ ಕಂಡೆವು.

ಮುಚ್ಚಳ ಬಿತ್ತು.

ಮೂಲೆಗೊಂದು ಮೊಳೆ ಇಳಿದಂತೆಲ್ಲ ಜಿನ್ ಹೊನ ಭುಜ ಅದುರಿತು. ಸೆಕೆ ಎಂದುಕೊಂಡು ಕೊರಳ ಗುಂಡಿ ಬಿಚ್ಚಿದ. ಕಡೆಗೆ ಬಗ್ಗಿ ಚಿಕ್ಕ ಮೊಳೆಯನ್ನು ಕಚ್ಚಿ ಎಳೆದ. ಮೊಳೆ ಹೊರಗೆ ಬರಲಿಲ್ಲ. ಒಳಗೆ ಹೋಯಿತು. ಕೆಂಪು ಬಟ್ಟೆಯ ಸಮೇತ, ಯಾರೋ ಒಳಗಿನಿಂದ ಚೀಪಿಕೊಂಡ ಹಾಗೆ. ಮರದ ಮೇಲೆ ತೂತು ಕೂಡ ಉಳಿಯಲಿಲ್ಲ.

"ಮರಕ್ಕೆ ಹುಳ ಹಿಡಿದಿದೆ," ಎಂದ ಅವನು. ನಗಲು ನೋಡಿದ.

ಮಣ್ಣು ಮಾಡುವಾಗ ಮೊದಲ ಹಿಡಿ ಮಣ್ಣು ಬೀಳುತ್ತಲೇ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬಂಗಲೆಗೆ ಹೋದ ಮೇಲೂ ಮಣ್ಣು ಬೀಳುತ್ತಲೇ ಇತ್ತಂತೆ, ಕಿವಿಯೊಳಗೆ. ಅನ್ನದಲ್ಲಿ ಮರದ ಹೊಟ್ಟು. ನೀರಿನಲ್ಲಿ ಮರದ ಹೊಟ್ಟು. ಕಣ್ಣು ಮುಚ್ಚಿದರೆ ಮೂಗಿನ ಮುಂದೆ ಹಲಗೆ, ಪಕ್ಕದಲ್ಲಿ ಮೆತ್ತಗಿನ, ತಣ್ಣಗಿನ ಏನೋ ಒಂದು. ಬಂಗಲೆಯ ಅಡುಗೆಯವಳು ಹೇಳಿದ್ದು ಇದು. ಬಿಸಿಲಿಗೆ ಬರುವುದನ್ನೇ ಅವನು ಬಿಟ್ಟಿದ್ದನಂತೆ.

ಆದರೆ ಜಪಾನೀ ಸೈನಿಕರು ಬಂದು ಪೇಟೆಯ ಗಂಡಸರನ್ನೆಲ್ಲ ಬಿಸಿಲಿಗೆ ಎಳೆದರು. ಮೈದಾನದಲ್ಲಿ ಸಾಲಾಗಿ ಕೂರಿಸಿದರು. ಹೆಂಗಸರು ಅಂಚಿನಲ್ಲಿ. ತಲೆಗೆ ಗೋಣಿಚೀಲದ ಮುಸುಕು ಹಾಕಿದ ಒಬ್ಬ ಸಾಲುಗಳ ನಡುವೆ ಬಂದ. ನಮ್ಮವನೇ, ನಮ್ಮನ್ನೆಲ್ಲ ಬಲ್ಲವನೇ. ಅವನ ಬೆರಳು ಯಾರ ಕಡೆ ತಿರುಗಿತೋ ಅವರು ಲಾರಿಗೆ. ಎದುರಾಡಿದವರಿಗೆ ಅಲ್ಲೇ ಬಂದೂಕಿನ ಬಾಕು.

ನೆತ್ತಿಯಿಂದ ಸೂರ್ಯ ಇಳಿದಿದ್ದ. ಪ್ರತಿಯೊಬ್ಬನ ಪಕ್ಕ ಅವನವನ ನೆರಳು. ಜಿನ್ ಹೊನ ಪಕ್ಕ ಬರೀ ನೆಲ. ಅವನ ಎಡಬಲದವರು ಅದನ್ನು ಕಂಡು ಸರಿದರು. ಅವರ ಪಕ್ಕದವರೂ ಸರಿದರು. ತುಂಬಿದ ಮೈದಾನದ ನಡುವೆ ಅವನೊಬ್ಬನೇ ಉಳಿದ. ಮುಸುಕಿನವನ ಬೆರಳು ಎದ್ದಿತು.

"ಚೀನಾದ ಸೈನ್ಯಕ್ಕೆ ಹಣ ಕಳಿಸಿದ ಕ್ವಾ ಚೂ ಬಾನ್‌ನ ಮಗ ನೀನೇನಾ?" ದುಭಾಷಿ ಕೇಳಿದ. "ಇನ್ನೂ ಗಂಡುಮಕ್ಕಳಿದ್ದಾರಾ?"

"ಇದಾನೆ. ಆ ಮೂಲೇಲಿ ಕೂತಿರೋನು," ಎಂದ ಜಿನ್ ಹೊ. "ಅವನು ನನ್ನ ತಮ್ಮ." ಜೀವಮಾನದಲ್ಲಿ ಮೊದಲ ಸಲ ಅಂದ.

ಸಿಯೂ ಗೆಕ್ ಅಂಚಿನಿಂದ ನಡೆದು ಬಂದಳು. ಬಾಕು ಎದೆಗೆ ತಾಗುವವರೆಗೂ ಬಂದಳು.

"ಈಗ ತಮ್ಮ ಆಗಿಬಿಟ್ನಾ? ಒಬ್ಬನೇ ಮಗ ಅಂತ ಪೆಟ್ಟಿಗೆ ಮುಂದೆ ಕೂಗಿದ್ದು ಯಾರು? ಈ ಬೀದಿಯವರನ್ನೇ ಕೇಳಿ. ನನ್ನ ಮಗನ ಬಾಯಿ ಬಿಡಿಸಿ ನೋಡಿ. ಚೂ ಬಾನ್‌ನ ಮಗ ಆಗಿದ್ರೆ ಮೊಳೆ ಕೀಳೋಕೆ ಹಲ್ಲು ಇರ್ತಿತ್ತು."

ಜಿನ್ ಲಿಯಾಂಗ್‌ನ ದವಡೆ ಹಿಡಿದು ಬಾಯಿ ಬಿಡಿಸಿದರು. ಒಳಗೆ ಕೆಂಪು ಒಸಡು. ದುಭಾಷಿ ನಮ್ಮ ಕಡೆ ನೋಡಿದ. ನಾವೆಲ್ಲ ತಲೆಯಾಡಿಸಿದೆವು: ಒಬ್ಬನೇ ಮಗ. ಮುಸುಕಿನವನೂ ಕೊನೆಗೆ ತಲೆಯಾಡಿಸಿದ.

ಜಿನ್ ಹೊ ಕಿರುಚಲು ಬಾಯಿ ತೆರೆದ. ಗಾಳಿ ಇಲ್ಲ. ಎದೆಯ ಮೇಲೆ ಮಣ್ಣು. ಕಣ್ಣೆದುರು ಬಿಸಿಲು, ಕಣ್ಣೊಳಗೆ ಕತ್ತಲು. ಅಪ್ಪನ ಕೊಳೆತ ಕೈ ಹೆಗಲ ಮೇಲೆ. ಅವನು ಗಾಳಿಯನ್ನೇ ಉಗುರಿನಿಂದ ಪರಚಿದ. ಉಗುರು ಕಿತ್ತವು. ಮರದ ಸೀಳು ಬೆರಳಲ್ಲಿ. ಜಪಾನೀ ಅಧಿಕಾರಿಯ ಕತ್ತಿ ಎದ್ದಿತು. ಬಿತ್ತು. ಕುತ್ತಿಗೆಯಿಂದ ಮೊದಲು ಉದುರಿದ್ದು ಮರದ ಹೊಟ್ಟು. ರಕ್ತ ಆಮೇಲೆ ಚಿಮ್ಮಿತು.

ಮರುದಿನ ಬೆಳಿಗ್ಗೆ ಸಿಯೂ ಗೆಕ್ ಧೂಪ ಹಚ್ಚಲು ಹೋದಳು. ಬಟ್ಟಲ ಬೂದಿಯಲ್ಲಿ ಚಿಕ್ಕ ಮೊಳೆ ನಿಂತಿತ್ತು. ಕೆಂಪು ಬಟ್ಟೆಗೆ ಗೋರಿಯ ಹಸಿ ಮಣ್ಣು. ಕಬ್ಬಿಣದ ಮೇಲೆ ಹಲ್ಲಿನ ಗುರುತುಗಳು, ಆಳವಾಗಿ, ಒಳಗಿನಿಂದ ಕಚ್ಚಿ ಕಚ್ಚಿ ಕಿತ್ತ ಹಾಗೆ. ಬೇಕೆಂದು ಕಾಲು ಹಿಡಿದವಳಿಗೆ ಸತ್ತ ಜಿನ್ ಹೊ ತಂದು ಕೊಟ್ಟಿದ್ದ.

ಅವಳು ಅದನ್ನು ಬಾವಿಗೆ ಎಸೆದಳು. ತಿರುಗಿ ಬಂದರೆ ಬಟ್ಟಲಲ್ಲಿತ್ತು. ಒಲೆಗೆ ಹಾಕಿದಳು. ಮತ್ತೆ ಬಟ್ಟಲಲ್ಲಿತ್ತು. ಬೀದಿಯಲ್ಲಿ ಬೂಟುಗಳ ಸದ್ದು. ಮನೆಮನೆ ಜಾಲಾಡುತ್ತಿದ್ದರು, ಮುಸುಕಿನವನೂ ಜೊತೆಗಿದ್ದ. ಮೊಳೆ ಕಂಡರೆ ಅವನಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ.

"ಅಮ್ಮಾ, ಏನ್ ಮಾಡ್ತಿದೀಯ?" ಎಂದ ಜಿನ್ ಲಿಯಾಂಗ್, ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತ.

"ಹೊಟ್ಟೇಲಿಟ್ಟು ಹೆತ್ತಿದೀನಿ. ಇದನ್ನೂ ಅಲ್ಲೇ ಇಟ್ಕೋತೀನಿ."

ನುಂಗಿದಳು. ಗಂಟಲಲ್ಲಿ ಅದು ಹೊರಳಿತು. ಹಿಂದಕ್ಕೆ ಬರಲು ಕೆದಕಿತು. ಅವಳು ಎರಡೂ ಕೈಯಿಂದ ಕುತ್ತಿಗೆ ಒತ್ತಿ ಕೆಳಗಿಳಿಸಿದಳು. ಬಾಗಿಲು ಒದ್ದು ಬಂದವರು ಬಟ್ಟಲ ಬೂದಿಯನ್ನು ಬಾಕಿನಿಂದ ಕೆದರಿದರು. ಏನೂ ಇರಲಿಲ್ಲ. ಮುಸುಕಿನವನು ಅವಳ ತುಟಿಯಂಚಿನ ಕೆಂಪು ನೋಡಿದ. ಅವಳು ಎಲೆಅಡಿಕೆ ಜಗಿಯುವವಳ ಹಾಗೆ ದವಡೆ ಆಡಿಸಿದಳು. ಅವರು ಹೋದರು.

ಮೊಳೆ ಒಳಗೇ ತಿರುಗಾಡಿತು. ಅವಳು ರಕ್ತ ಕಾರಿಕೊಂಡು, ಉಡುಪಿನ ಅಂಚನ್ನು ಬಾಯಿಗೆ ತುರುಕಿಕೊಂಡು, ನರಳಾಟ ಬೀದಿಗೆ ಕೇಳಿಸದ ಹಾಗೆ ಸತ್ತಳು. ಅಂಥ ಸಾವು ಯಾರಿಗೂ ಬೇಡ.

ಪೆಟ್ಟಿಗೆಯನ್ನು ಜಿನ್ ಲಿಯಾಂಗ್ ತಾನೇ ಮಾಡಿದ, ಅಜ್ಜನ ಉಳಿಯಿಂದ. ದೀಪವನ್ನು ಅವಳ ತಲೆಯ ಕಡೆಗೆ ಇಟ್ಟು ನಮ್ಮೆಲ್ಲರ ನೆರಳನ್ನು ಗೋಡೆಗೆ ಕಳಿಸಿದ. ಮೂಲೆಗಳಿಗೆ ಮೊಳೆ ಹೊಡೆದ. ಕಡೆಯದನ್ನು ತುದಿ ತಾಗಿಸಿ ನಿಲ್ಲಿಸಿ, ಬರಿದಾದ ಒಸಡಿನ ಮೇಲೆ ಬೆರಳಾಡಿಸಿದ.

"ಕೈಯಲ್ಲೇ ಕೀಳಪ್ಪ, ಯಾರೂ ಏನೂ ಅನ್ನಲ್ಲ," ಎಂದ ಪೂಜಾರಿ.

ಅವನು ಕೇಳಲಿಲ್ಲ. ಬಗ್ಗಿ ಬರೀ ಒಸಡಿನಿಂದ ಮೊಳೆಯನ್ನು ಹಿಡಿದ. ಜಾರಿತು. ಮತ್ತೆ ಹಿಡಿದ. ಒಸಡು ಹರಿದು ಮುಚ್ಚಳದ ಮೇಲೆ ರಕ್ತ ತೊಟ್ಟಿಕ್ಕಿತು.

ಆಗ ಪೆಟ್ಟಿಗೆಯ ಒಳಗಿನಿಂದ ಮೆಲ್ಲಗೆ ಒಂದು ಸದ್ದು. ಎಲೆಅಡಿಕೆಯ ವಾಸನೆ ಮೂಗಿಗೆ ಬಡಿಯಿತು. ನಾವು ನೋಡುತ್ತಿದ್ದ ಹಾಗೆ, ಕೆಳಗಿನಿಂದ ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗೆ, ಮೊಳೆ ತಾನಾಗಿ ಮೇಲೆದ್ದು ಮಗನ ಬಾಯಿಗೆ ಬಂತು.