ಪೇಟದ ಇನ್ನೊಂದು ತುದಿ

"ಈ ಬಣ್ಣದ ಹೂವು ಬೇಕು. ಇದೇ ಬಣ್ಣ... ಒಂಚೂರೂ ಆಚೀಚೆ ಆಗಬಾರದು."

ಹೂವಿನಂಗಡಿಯ ಮೇಜಿನ ಮೇಲೆ ಅವನು ಬಟ್ಟೆಯೊಂದನ್ನು ಬಿಚ್ಚಿದ. ಐದು ಮೀಟರಿನ ತೆಳು ಹತ್ತಿ. ಬಿಚ್ಚಿದಷ್ಟೂ ಬಿಚ್ಚಿಕೊಳ್ಳುತ್ತಲೇ ಹೋಯಿತು. ಬಕೆಟ್ಟುಗಳಲ್ಲಿ ನಿಂತಿದ್ದ ಬಿಳಿ ಹೂಗಳ ನಡುವೆ ಜೇನಿನ ಹೊಳೆಯೊಂದು ಹರಿದಂತಾಯಿತು.

ಅವಳು ತಲೆಯೆತ್ತಿದಳು. ಕಡುನೀಲಿ ಪೇಟ, ಒಪ್ಪವಾದ ಗಡ್ಡ, ಮುಂಗೈಯಲ್ಲಿ ಉಕ್ಕಿನ ಕಡಗ, ಬಡಗಿಯ ಒರಟು ಬೆರಳುಗಳು. ಮತ್ತೆ ಆ ಕಣ್ಣುಗಳು... ಅಳುವುದಕ್ಕೆ ಇನ್ನೂ ಬಿಡುವು ಸಿಗದವನ ಕಣ್ಣುಗಳು!

"ನಮ್ಮಪ್ಪನ ಪೇಟ," ಎಂದ. "ಇವತ್ತು ಬೆಳಿಗ್ಗೆ ಹೋಗ್ಬಿಟ್ರು. ನಾಳೆ ಸಂಜೆ ಅಂತ್ಯಕ್ರಿಯೆ. ಎದೆ ಮೇಲೆ ಹಾಸೋಕೆ ಹೂವಿನ ಹೊದಿಕೆ ಮಾಡ್ಕೊಡ್ತೀರಾ?"

"ನಿಮ್ಮ ಸಿಖ್ ಧರ್ಮದ ಚಿಹ್ನೆ ಹೂವಲ್ಲೇ ಮಾಡಿ ಕೂರಿಸ್ಲಾ?"

"ಬೇಡ ರೀ. ಪವಿತ್ರವಾದದ್ದು ಬೆಂಕಿಗೆ ಹೋಗಬಾರದು ಅಂತಾರೆ ಅಮ್ಮ. ಬರೀ ಹೂವು ಸಾಕು. ಅಪ್ಪ ಸರಳ ಮನುಷ್ಯ. ಪೇಟದ ಬಣ್ಣ ಒಂದರಲ್ಲೇ ಶೋಕಿ."

"ಹಾಗಾದ್ರೆ ಪೇಟ ಇಲ್ಲೇ ಇರ್ಲಿ. ಬಣ್ಣ ನೆನಪಲ್ಲಿ ನಿಲ್ಲಲ್ಲ."

ಅವನು ಕ್ಷಣ ಹಿಂಜರಿದ. ಆಮೇಲೆ ಕೂಸನ್ನು ಎತ್ತಿ ಕೊಡುವಂತೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. "ಜೋಪಾನ."

ಮರುದಿನ ನಸುಕಿಗೇ ಅವಳು ಸಗಟು ಮಾರುಕಟ್ಟೆಗೆ ಹೊರಟಳು. ಮದುವೆ ಮನೆಯಿಂದ ಬಟ್ಟೆ ಬಂದರೆ ಅಂಚಿನಲ್ಲಿ ಉಗುರಗಲ ಕತ್ತರಿಸಿಕೊಂಡು ಹೋಗಿ, ಹೂವಿನ ಪಕ್ಕ ಹಿಡಿದು ಬಣ್ಣ ನೋಡುವುದು ಅವಳ ರೂಢಿ. ಹನ್ನೊಂದು ವರ್ಷ ಪಳಗಿದ ಕೈ ಯೋಚಿಸಲಿಲ್ಲ. ಕತ್ತರಿ ಕಚಕ್ ಎಂದಿತು.

ಏಳನೆಯ ಮಳಿಗೆಯಲ್ಲಿ ಆ ತುಂಡು ಒಂದು ಗುಲಾಬಿಯ ಪಕ್ಕ ಕಾಣದಂತೆ ಕರಗಿಹೋಯಿತು. ಇದೇ!

ಅಂತ್ಯಕ್ರಿಯೆಯ ಮಾರನೆಯ ದಿನ ಅವನು ಮತ್ತೆ ಬಂದ.

"ಅಮ್ಮ ಮುಟ್ಟಿ ಮುಟ್ಟಿ ನೋಡಿದ್ರು. ಅಪ್ಪ ಪೇಟ ಹೊದ್ದು ಮಲಗಿದ ಹಾಗಿತ್ತಂತೆ..." ಅವಳು ಕುಡಿಯಲು ನೀರು ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಅತ್ತ. ಅವಳು ಹೂವಿನ ದಂಟುಗಳನ್ನು ಕತ್ತರಿಸುತ್ತಾ ಜೊತೆಗಿದ್ದಳು.

ಇನ್ನು ಎಂಟು ದಿನಕ್ಕೆ, ಮನೆಯವರೆಲ್ಲ ಸೇರಿ ಗ್ರಂಥಪಾರಾಯಣ ಮುಗಿಸಿದ ಮೇಲೆ, ಗುರುದ್ವಾರದಲ್ಲಿ ಕೊನೆಯ ಪ್ರಾರ್ಥನೆ. ಅಲ್ಲಿಗೂ ಅವಳದೇ ಹೂವು, ಅದೇ ಬಣ್ಣ. ಹಾಗಾಗಿ ಪೇಟ ಅಂಗಡಿಯಲ್ಲೇ ಉಳಿಯಿತು.

ಅವನೂ ಬರುತ್ತಲೇ ಇದ್ದ. ಹೂದಾನಿಗೆ ಮರದ ಪೀಠ ಮಾಡುತ್ತೇನೆಂದು ಅಳತೆಗೆ ಬಂದ. ಅಳತೆ ಮರೆತು ಮತ್ತೆ ಬಂದ. ಗರಗಸದ ಹೊಟ್ಟಿನ ವಾಸನೆಯೂ ಗುಲಾಬಿಯ ವಾಸನೆಯೂ ಒಂದಾದ ಆ ಮಧ್ಯಾಹ್ನಗಳಲ್ಲಿ ಗಡಿಯಾರ ಓಡುತ್ತಿತ್ತೋ ಇಲ್ಲವೋ, ಅವಳಿಗೆ ತಿಳಿಯುತ್ತಿರಲಿಲ್ಲ. ಅವನ ತಂದೆ ಮರದ ತುಂಡನ್ನು ಕಿವಿಗಿಟ್ಟು ತಟ್ಟಿ, ಒಳಗೆ ಟೊಳ್ಳಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. 'ನನ್ನೆದೆಯನ್ನು ತಟ್ಟಿದ್ದರೆ ಏನು ಕೇಳಿಸುತ್ತಿತ್ತೋ...' ಎಂದುಕೊಂಡು ಅವಳು ಕೆಂಪಾದಳು.

"ಅಲ್ವೇ," ಎಂದಳು ಲೆಕ್ಕದ ಮೇಜಿನ ಹಿಂದಿದ್ದ ಚಿಕ್ಕಮ್ಮ, "ಒಂದು ಪೀಠಕ್ಕೆ ನಾಲ್ಕು ಕಾಲು. ಆ ಮನುಷ್ಯ ಆರು ಸಲ ಅಳತೆ ತಗೊಂಡ. ಸಿಂಹಾಸನ ಮಾಡ್ತಿದಾನೇನೋ ನಿಂಗೆ!"

"ಸುಮ್ನಿರು ಚಿಕ್ಕಮ್ಮ!"

ಪ್ರಾರ್ಥನೆಯ ಹಿಂದಿನ ದಿನ ಅವನು ಪೇಟ ಒಯ್ಯಲು ಬಂದ. "ನಾಳೆ ಹಿರಿಯರು ಎಲ್ಲರೆದುರು ಇದನ್ನ ನನ್ನ ತಲೆಗೆ ಕಟ್ಟಿಸ್ತಾರೆ. ಇನ್ಮೇಲೆ ಅಪ್ಪನ ಜಾಗದಲ್ಲಿ ನಾನು ಅಂತ..."

ಹೇಳುತ್ತಲೇ ಅಂಚನ್ನು ಬೆರಳಿನಿಂದ ಸವರಿದ. ಬೆರಳು ನಿಂತಿತು.

"ಇದೇನು?"

"ಬಣ್ಣ ಹೊಂದಿಸೋಕೆ... ಚೂರೇ ಚೂರು..."

"ಕತ್ತರಿ ಹಾಕಿದ್ರಾ? ಇದಕ್ಕೆ?" ಧ್ವನಿ ಏರಲಿಲ್ಲ, ಏರಿದ್ದರೆ ಅವಳು ಹೇಗೋ ತಾಳಿಕೊಳ್ಳುತ್ತಿದ್ದಳು. "ಇದು ಬಟ್ಟೆ ಅಲ್ಲ ಕಣ್ರೀ, ಮನುಷ್ಯನ ಮಾನ. ನಾನು ಜೋಪಾನ ಅಂದಿದ್ದೆ."

ಪೇಟವನ್ನು ಎದೆಗೊತ್ತಿಕೊಂಡು ಹೊರಟುಹೋದ. ಅವಳು ಅಲ್ಲೇ ಕುಳಿತು ಅತ್ತಳು. 'ಅಯ್ಯೋ ದೇವರೇ... ಸತ್ತವರ ಮಾನಕ್ಕೆ ಕತ್ತರಿ ಹಾಕಿದ ಕೈಯನ್ನು ಅವರ ಮಗ ಇನ್ನು ಮುಟ್ಟಿಯಾನೇ?'

"ಕೂತು ಅತ್ರೆ ಬಟ್ಟೆ ಬೆಳೆಯುತ್ತಾ?" ಚಿಕ್ಕಮ್ಮ ಅವಳ ಬೆನ್ನು ಸವರಿದಳು. "ಹೋಗಿ ಕ್ಷಮೆ ಕೇಳು. ಅವನನ್ನಲ್ಲ, ಅವರಮ್ಮನನ್ನ."

ಬೆಳಗಾಗುತ್ತಲೇ ಅವಳು ಅವನ ಮನೆಗೆ ಹೋದಳು. ತಲೆಯ ಮೇಲೆ ಸೆರಗೆಳೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕುಳಿತಿದ್ದ ಮುದುಕಿಯ ಮುಂದೆ ಅಂಗೈ ಚಾಚಿದಳು. ಅದರಲ್ಲಿ ಉಗುರಗಲದ ತುಂಡು.

"ತಪ್ಪಾಯ್ತಮ್ಮ. ಗೊತ್ತಿರಲಿಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ."

ಮುದುಕಿ ತುಂಡನ್ನು ಬೆಳಕಿಗೆ ಹಿಡಿದರು. "ನನ್ನ ಮಗ ನಿನ್ನೆ ಊಟ ಬಿಟ್ಟಿದ್ದು ಇಷ್ಟಕ್ಕಾ?" ತುಂಡನ್ನು ಮತ್ತೆ ಅವಳ ಅಂಗೈಗಿಟ್ಟು ನುಡಿದರು: "ಗೊತ್ತಿಲ್ಲದೆ ಕತ್ತರಿಸಿದೆ. ಗೊತ್ತಾದ ಮೇಲೆ ನಡ್ಕೊಂಡು ಬಂದೆ. ನಮ್ಮವರು ಇದ್ದಿದ್ರೆ ಬಂದಿದ್ದನ್ನೇ ನೋಡೋರು ಮಗಳೇ. ಸೂಜಿ ಆ ಡಬ್ಬೀಲಿದೆ. ಕತ್ತರಿಸಿದ ಕೈಯೇ ಹೊಲೀಲಿ."

ಅವಳು ಹೊಲಿದಳು. ಇರುವೆಯ ಹೆಜ್ಜೆಯಷ್ಟು ಸಣ್ಣ ಹೊಲಿಗೆ. ಎದುರಿನ ಬಾಗಿಲಲ್ಲಿ, ತಲೆಗೆ ಚಿಕ್ಕ ವಸ್ತ್ರ ಸುತ್ತಿಕೊಂಡು ಅವನು ಬಂದು ನಿಂತಿದ್ದು ಅವಳಿಗೆ ತಿಳಿಯಲೇ ಇಲ್ಲ.

"ಮುಗೀತಾ?" ಎಂದ ಮೆಲ್ಲಗೆ. "ಗುರುದ್ವಾರಕ್ಕೆ ಒಯ್ಯೋ ಮುಂಚೆ ಎಳೆದು ಮಡಿಸ್ಬೇಕು. ಒಬ್ಬರ ಕೈಲಿ ಆಗಲ್ಲ. ದಿನಾ ನನ್ನ ಪೇಟ ಕಟ್ಟೋ ಮುಂಚೆ ಆ ತುದಿ ಅಪ್ಪ ಹಿಡೀತಿದ್ರು. ಅಮ್ಮನಿಗೆ ಮಣಿಕಟ್ಟು ನೋವು. ಹತ್ತು ದಿನದಿಂದ ನನ್ನದನ್ನ ಬಾಗಿಲ ಚಿಲಕಕ್ಕೆ ಕಟ್ಟಿ ಮಡಿಸ್ತಿದೀನಿ..."

ಅವಳು ಎದ್ದು ಆ ತುದಿ ಹಿಡಿದಳು.

ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಜೇನುಬಣ್ಣ ಬಿಗಿಯಾಯಿತು. ಕಿಟಕಿಯ ಬಿಸಿಲು ಅದರ ಮೇಲೆ ಮಲಗಿತು.

"ಜೋರಾಗಿ ಎಳೀರಿ. ಹರಿಯಲ್ಲ."

"ಹೆದರಿಕೆ ಆಗುತ್ತೆ."

"ನನಗೂ."

ಮಡಿಕೆಯ ಮೇಲೆ ಮಡಿಕೆ. ಆಮೇಲೆ ಅವನು ಬಟ್ಟೆಯನ್ನು ಸುತ್ತಿಕೊಳ್ಳುತ್ತಾ, ಒಂದೊಂದೇ ಹೆಜ್ಜೆ ಅವಳ ಕಡೆ ನಡೆದು ಬಂದ. ಕೊನೆಯ ಗೇಣು ಬಟ್ಟೆ ಮುಗಿದಾಗ ಅವನ ಬೆರಳು ಅವಳ ಬೆರಳ ಮೇಲಿತ್ತು. ಇಬ್ಬರೂ ತೆಗೆಯಲಿಲ್ಲ.

"ನಿನ್ನೆ ಆ ಅಂಚು ನೋಡ್ದಾಗ, ನೀವು ಹೊರಗಿನವರು ಅಂತ ನೆನಪಾಯ್ತು," ಎಂದ. "ಅಷ್ಟು ದಿನ ಮರ್ತೇ ಹೋಗಿತ್ತು. ಅದಕ್ಕೇ ಅಷ್ಟು ನೋವಾಯ್ತು."

"ಈಗ?"

"ಈಗ... ಮತ್ತೆ ಮರ್ತಿದೀನಿ."

ಅವಳ ಕಣ್ಣು ತುಂಬಿ ಬಂತು. "ನಾಳೆ ಎಷ್ಟು ಗಂಟೆಗೆ ಬರ್ಲಿ? ಈ ತುದಿ ಹಿಡಿಯೋಕೆ?"

"ಬೆಳಿಗ್ಗೆ ಐದೂವರೆಗೆ ಪೇಟ ಕಟ್ತೀನಿ. ದಿನಾ... ಬರ್ತೀರಾ?"

"ಆ ಹೊತ್ತಿಗೆ ನಾನು ಮಾರುಕಟ್ಟೇಲಿರ್ತೀನಲ್ಲ!"

"ಹಾಗಾದ್ರೆ ನಾಲ್ಕಕ್ಕೇ ಏಳ್ತೀನಿ," ಎಂದ ಅವನು, ಹತ್ತು ದಿನಗಳಲ್ಲಿ ಮೊದಲ ಬಾರಿಗೆ ನಗುತ್ತಾ. "ಬದುಕಿರೋವರೆಗೂ."