ಉದ್ಯೋಗ ಎಂಬ ಕಾಲಂ

1981ರ ಫೆಬ್ರವರಿ 9, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಕ್ಲೂನ್‌ಗಾರ್ವ್ ಠಾಣೆಗೆ ದೂರು ಬಂತು. ತಂದವರು ಆ ಪಟ್ಟಣದ ಜನನ ಮರಣ ನೋಂದಣಾಧಿಕಾರಿ ಫಿಂಟನ್ ಟ್ಯಾನ್ಸಿ. ನೆನೆದ ಕೋಟನ್ನೂ ಬಿಚ್ಚದೆ ಕುರ್ಚಿಯ ಅಂಚಿಗೆ ಕೂತರು.

"ಮರಣದ ರಿಜಿಸ್ಟರಲ್ಲಿ ಯಾರೋ ಕೈಯಾಡಿಸಿದ್ದಾರೆ, ಸಾರ್ಜೆಂಟ್."

ಸಾರ್ಜೆಂಟ್ ಅಟ್ರಾಕ್ಟಾ ಗೀಲನ್ ಪೆನ್ನಿನ ಮುಚ್ಚಳ ತೆಗೆದಳು. ಗಡಿರಸ್ತೆಯ ತಪಾಸಣೆಯಲ್ಲಿ ಎರಡು ರಾತ್ರಿ ನಿಂತು ಅವಳ ಸೊಂಟ ಹಿಡಿದುಕೊಂಡಿತ್ತು.

"ಹಾಳೆ ಹರಿದಿದ್ದಾರಾ?"

"ಇಲ್ಲ. ಸೇರಿಸಿದ್ದಾರೆ."

ಲಿವರ್‌ಪೂಲಿನ ಯಾರೋ ಹೆಂಗಸು ಅಜ್ಜಿಯ ಮರಣಪತ್ರದ ನಕಲು ಕೇಳಿದ್ದಳು. ಹಳೆಯ ಸಂಪುಟ ತೆಗೆದರೆ, ಅಜ್ಜಿಯ ಹೆಸರಿನ ಮುಂದೆ ಉದ್ಯೋಗದ ಕಾಲಂನಲ್ಲಿ 'ರೈತನ ವಿಧವೆ' ಎಂದಿತ್ತು. ಅಂಚಿನಲ್ಲಿ ಮಾತ್ರ ಹೊಸದಾಗಿ 'ಬೇಸಾಯಗಾರ್ತಿ' ಎಂದು ಬರೆದಿತ್ತು. ಹುಡುಕಿದರೆ ಇಂಥವು ಇನ್ನೂ ಹತ್ತು ಸಿಕ್ಕವು. ಎಲ್ಲವೂ ಹೆಂಗಸರವೇ.

"ಹಳೇದನ್ನ ಉಜ್ಜಿ ಹಾಕಿದ್ದಾರಾ?"

"ಉಜ್ಜೋ ಹಾಗೇ ಇಲ್ಲ. ರಿಜಿಸ್ಟರಲ್ಲಿ ಒಮ್ಮೆ ಬರೆದದ್ದನ್ನ ಯಾರೂ ಅಳಿಸಬಾರದು. ತಪ್ಪಿದ್ರೆ ಅಂಚಲ್ಲಿ ಸರಿ ಬರೆದು ಸಣ್ಣ ಸಹಿ ಹಾಕ್ಬೇಕು. ಈ ಕಳ್ಳ ಆ ನಿಯಮಾನ ಚಾಚೂ ತಪ್ಪದೆ ಪಾಲಿಸಿದ್ದಾನೆ. ಅದೇ ನನಗೆ ಹೊಟ್ಟೆ ಉರಿ!"

ಎಫ್‌ಐಆರ್ ದಾಖಲಾಯಿತು. ಸರ್ಕಾರಿ ದಾಖಲೆಯನ್ನು ಅಕ್ರಮವಾಗಿ ತಿದ್ದಿದ ಆರೋಪ, ಆರೋಪಿ ಅಪರಿಚಿತ.

ಮಧ್ಯಾಹ್ನ ಹನ್ನೆರಡಕ್ಕೆ ನೋಂದಣಿ ಕಛೇರಿಯ ದಾಖಲೆ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ, ಕಿಟಕಿಗೆ ಗೀರೂ ಬಿದ್ದಿರಲಿಲ್ಲ. ಶಾಯಿ ಕಛೇರಿಯದೇ. ಬರೆದಾಗ ನೀಲಿ, ದಿನ ಕಳೆದಂತೆ ಕಪ್ಪಾಗುವ ಜಾತಿಯದು. ಕೆಲವು ತಿದ್ದುಪಡಿ ಆಗಲೇ ಕಪ್ಪಾಗಿದ್ದವು, ಕೊನೆಯ ಎರಡು ಇನ್ನೂ ನೀಲಿಯಾಗಿದ್ದವು. ಕಾನ್‌ಸ್ಟೇಬಲ್ ಟಿಯರ್ನನ್ ಒಂದೊಂದೇ ಸಾಲು ಓದಿದ, ಅಟ್ರಾಕ್ಟಾ ಬರೆದುಕೊಂಡಳು.

"ಸಬೈನಾ ಕ್ಲಾರ್ಕ್. ಪೊಲೀಸನ ಹೆಂಡತಿ. ಅಂಚಲ್ಲಿ: ಠಾಣೆಯ ಅಡುಗೆಯವಳು, ಸಂಬಳವಿಲ್ಲ." ಟಿಯರ್ನನ್‌ಗೆ ನಗು ತಡೆಯಲಾಗಲಿಲ್ಲ. "ಇದು ನಮ್ಮ ಇಲಾಖೆಗೇ ಇಟ್ಟ ಬತ್ತಿ, ಸಾರ್ಜೆಂಟ್."

"ಮುಂದೆ."

ಅವನು ಸಂಪುಟವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಓದಪ್ಪ, ಸೊಂಟ ಬೀಳ್ತಾ ಇದೆ."

"ಒನೋರಾ ಗೀಲನ್. ಕೂಲಿಕಾರನ ಹೆಂಡತಿ." ಅವನ ದನಿ ಇಳಿಯಿತು. "ಅಂಚಲ್ಲಿ: ಸೂಲಗಿತ್ತಿ."

ಅಟ್ರಾಕ್ಟಾಳ ಪೆನ್ನು ನಿಂತಿತು. ಅಮ್ಮ ಸತ್ತಾಗ ಅವಳಿಗೆ ಎಂಟು ವರ್ಷ. ನೆನಪಿನಲ್ಲಿ ಅಮ್ಮನ ಮುಖ ಮಸುಕಾಗಿತ್ತು, ಕೈಗಳ ಕಾರ್ಬಾಲಿಕ್ ಸೋಪಿನ ವಾಸನೆ ಮಾತ್ರ ಉಳಿದಿತ್ತು. ಬಾಗಿಲು ಬಡಿದವರು ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅಮ್ಮ ಒದ್ದೆ ಕೋಟನ್ನೇ ಮತ್ತೆ ತೊಟ್ಟು ಹೊರಡುತ್ತಿದ್ದಳು. ಸುತ್ತಿನ ಅರ್ಧ ಊರು ಆ ಕೈಗಳಿಗೇ ಬಿದ್ದು ಹುಟ್ಟಿತ್ತು. ಅಮ್ಮನಿಗೆ ಪರವಾನಗಿ ಇರಲಿಲ್ಲ. ಹಾಗಾಗಿ ಕಾಗದದ ಮೇಲೆ ಆ ಕೆಲಸವೂ ಇರಲಿಲ್ಲ.

"ತನಿಖಾಧಿಕಾರಿಯ ತಾಯಿ ಅಂತ ಪಕ್ಕದಲ್ಲಿ ಸೇರಿಸ್ಕೋತೀನಿ," ಎಂದಳು. "ಆಮೇಲೆ ಯಾರೂ ಮುಚ್ಚಿಟ್ಟೆ ಅನ್ನಬಾರದು. ಮುಂದೆ ಓದು."

ಓದು ಮುಗಿದ ಮೇಲೆ ಅವಳು ಬೆಂಕಿಗೆ ಬೆನ್ನು ಕೊಟ್ಟು ನಿಂತಳು. ಅಗ್ಗಿಷ್ಟಿಕೆಯಲ್ಲಿ ಉರುವಲಿಗೆಂದು ಕೊಯ್ದು ಒಣಗಿಸಿದ ಜೌಗುಮಣ್ಣಿನ ಹೆಂಟೆಗಳು ಕೆಂಪಾಗಿ ಉರಿಯುತ್ತಿದ್ದವು. ಸೊಂಟಕ್ಕೆ ಹಿತವಾಯಿತು.

"ಮಿಸ್ಟರ್ ಟ್ಯಾನ್ಸಿ, ಈ ಕೋಣೆಗೆ ಯಾರ್ಯಾರು ಬರ್ತಾರೆ?"

"ನಾನೊಬ್ಬನೇ. ಬೇರೆ ಯಾರೂ ಇಲ್ಲ."

"ಖಂಡಿತಾ?"

"ಬೈಬಲ್ ಮುಟ್ಟಿ ಹೇಳ್ತೀನಿ."

"ಹಾಗಾದ್ರೆ ಈ ಬೆಂಕಿ ನೀವೇ ಹಚ್ಚಿದ್ದು."

"ನಾನ್ಯಾಕೆ ಹಚ್ಚಲಿ? ನಾನು ಬರೋದ್ರೊಳಗೆ ಉರೀತಾ ಇರುತ್ತೆ."

"ಯಾರು ಹಚ್ತಾರೆ?"

ಟ್ಯಾನ್ಸಿಯ ಕಿವಿ ನಿಧಾನವಾಗಿ ಕೆಂಪೇರಿತು. "ಡಿಂಪ್ನಾ ಮಲ್ವಿ. ಕಸ ಗುಡಿಸೋಳು. ಬೀಗದ ಕೈ ಇನ್ನೊಂದು ಅವಳ ಹತ್ತಿರ ಇದೆ. ನೀವು ಯಾರು ಬರ್ತಾರೆ ಅಂತ ಕೇಳಿದ್ರಿ, ಸಾರ್ಜೆಂಟ್... ಅವಳು ಹೊಳೀಲೇ ಇಲ್ಲ."

ತಿದ್ದುಪಡಿಗಳ ಕೆಳಗಿನ ಸಣ್ಣ ಸಹಿ 'ಡಿ.ಆರ್.' ಎಂದಿತ್ತು. ಈಗಿನ ಸಿಬ್ಬಂದಿಯಲ್ಲಿ ಆ ಅಕ್ಷರಗಳವರು ಯಾರೂ ಇಲ್ಲದ್ದರಿಂದ ಟ್ಯಾನ್ಸಿ ಅದನ್ನು ಕಳ್ಳನ ಕುಚೋದ್ಯ ಎಂದುಕೊಂಡಿದ್ದರು. ಅಟ್ರಾಕ್ಟಾ ಅದೇ ಸಂಪುಟದ ಪುಟ ತಿರುವಿದಳು. ಮೂಲ ನಮೂದುಗಳ ಕೆಳಗೂ ಅದೇ ಡಿ.ಆರ್., ಅದೇ ದುಂಡನೆಯ ಅಕ್ಷರ. ಹಳೆಯ ಸಿಬ್ಬಂದಿ ಪಟ್ಟಿಯಲ್ಲಿ ಉತ್ತರವಿತ್ತು: ಡಿಂಪ್ನಾ ರೂನಿ, ಗುಮಾಸ್ತೆ, 1952ರಲ್ಲಿ ವಿವಾಹದ ಕಾರಣ ಕೆಲಸದಿಂದ ಬಿಡುಗಡೆ. ಮದುವೆಯಾದ ಹೆಂಗಸಿಗೆ ಆಗ ಸರ್ಕಾರಿ ಕುರ್ಚಿ ಇರಲಿಲ್ಲ. ಆ ಡಿಂಪ್ನಾಳೇ ಮಲ್ವಿಯ ವಿಧವೆಯಾದ ಮೇಲೆ ಅದೇ ಕಛೇರಿಗೆ ಪೊರಕೆ ಹಿಡಿದು ಮರಳಿದ್ದಳು. ಎಂಟು ವರ್ಷದಿಂದ ಅಲ್ಲಿರುವ ಟ್ಯಾನ್ಸಿಗೆ ಇದು ಗೊತ್ತೇ ಇರಲಿಲ್ಲ. ಅವರು ಕೇಳಿರಲಿಲ್ಲ.

ಸಂಜೆ ನಾಲ್ಕಕ್ಕೆ ಅಟ್ರಾಕ್ಟಾ ಮತ್ತು ಟಿಯರ್ನನ್ ಸೇತುವೆ ಪಕ್ಕದ ಮನೆಯ ಬಾಗಿಲು ತಟ್ಟಿದಾಗ, ಡಿಂಪ್ನಾ ಕೋಟು ತೊಟ್ಟೇ ಕೂತಿದ್ದಳು.

"ಟ್ಯಾನ್ಸಿ ಇವತ್ತು ಊಟಕ್ಕೂ ಮನೆಗೆ ಹೋಗ್ಲಿಲ್ಲ ಅಂತ ಕೇಳ್ದೆ. ಆಗಲೇ ಗೊತ್ತಾಯ್ತು. ಚಹಾ ಕುಡಿದು ಹೋಗೋಣ, ಬಾರೇ."

"ಮಿಸೆಸ್ ಮಲ್ವಿ, ನೀವೀಗ ಹೇಳೋದೆಲ್ಲ ದಾಖಲಾಗುತ್ತೆ."

"ದಾಖಲಾಗ್ಲಿ ಅಂತಲೇ ಅಲ್ವೇನೇ ಮಾಡಿದ್ದು!" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದರು. ಮೇಜಿನ ಮೇಲಿದ್ದ ಆಸ್ಪತ್ರೆಯ ಔಷಧಿ ಬಾಟಲಿಗಳನ್ನು ಅಟ್ರಾಕ್ಟಾ ನೋಡಿದಳು.

"ಯಾಕೆ ಮಾಡಿದ್ರಿ?"

"ಆಗ ಕೌಂಟರಿನ ಆಚೆ ಸತ್ತವಳ ಗಂಡ ನಿಂತು ಹೇಳೋನು, ಈಚೆ ನಾನು ಬರೀತಿದ್ದೆ. ನಿಮ್ಮಪ್ಪನೂ ಹಾಗೇ ನಿಂತಿದ್ದ. ನಮ್ಮಕ್ಕನ ಮಗು ಅಡ್ಡ ಸಿಕ್ಕಿದ್ದಾಗ ನಿಮ್ಮಮ್ಮನೇ ತಿರುಗಿಸಿ ತೆಗೆದಿದ್ದು. ಅದು ಗೊತ್ತಿದ್ದೇ ಕೂಲಿಕಾರನ ಹೆಂಡತಿ ಅಂತ ಬರೆದೆ."

"ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ?"

ಡಿಂಪ್ನಾ ಬಟ್ಟಲನ್ನು ತಟ್ಟೆಗಿಟ್ಟಳು. "ಡಾಕ್ಟರು ಈಸ್ಟರ್‌ವರೆಗೆ ಅಂದಿದ್ದಾರೆ. ಮುಂದಿನ ಸಾಲು ನನ್ನದು ಕಣೇ. ಟ್ಯಾನ್ಸಿ ಏನು ಬರೀತಾನೆ ಅಂತ ಗೊತ್ತು: ಲಾರಿ ಚಾಲಕನ ವಿಧವೆ. ಆ ಲಾರಿ ನಾನು ಒಂದು ದಿನ ಹತ್ತಿದವಳೂ ಅಲ್ಲ."

ಟಿಯರ್ನನ್ ಕಿಟಕಿಯತ್ತ ತಿರುಗಿದ. ಅಟ್ರಾಕ್ಟಾ ಬಂಧನದ ಮಾತುಗಳನ್ನು ಒಂದೂ ಬಿಡದೆ ಹೇಳಿದಳು. ಆ ಮಾತುಗಳು ಅವಳಿಗೆ ಎಂದೂ ಇಷ್ಟು ಉದ್ದ ಅನಿಸಿರಲಿಲ್ಲ.

ಠಾಣೆಯಲ್ಲಿ ಬಂಧನದ ನಮೂನೆ ತುಂಬುವಾಗ ಹೆಸರು, ವಯಸ್ಸು, ವಿಳಾಸ ಸಲೀಸಾಗಿ ಮುಗಿದವು. ನಾಲ್ಕನೆಯ ಕಾಲಂಗೆ ಪೆನ್ನು ತಡವರಿಸಿತು.

"ನೋಂದಣಿ ಗುಮಾಸ್ತೆ ಅಂತ ಬರೀಲಾ?" ಅಟ್ರಾಕ್ಟಾ ಮೆಲ್ಲಗೆ ಕೇಳಿದಳು.

"ಬ್ಯಾಡ. ಕಸ ಗುಡಿಸೋಳು ಅಂತ ಬರಿ. ನಾನು ಅಂಚಲ್ಲಿ ಒಂದಾದ್ರೂ ಸುಳ್ಳು ಬರೆದಿದ್ದೀನಾ? ನೀನೂ ಬರೀಬ್ಯಾಡ. ಹದಿನಾಲ್ಕು ವರ್ಷ ಗುಡಿಸಿದ್ದೀನಿ, ಅದು ನಂದೇ ಕೆಲಸ."

ಅಟ್ರಾಕ್ಟಾ ಹಾಗೆಯೇ ಬರೆದಳು.

ಆರಕ್ಕೆ ಟ್ಯಾನ್ಸಿ ಫೋನು ಮಾಡಿದರು. ಮೇಲಿನವರನ್ನು ಕೇಳಿದ್ದಾಯಿತಂತೆ. ಆ ಹನ್ನೊಂದನ್ನೂ ಅಳಿಸುವಂತಿಲ್ಲ. ಒಂದೊಂದರ ಪಕ್ಕ 'ಅನಧಿಕೃತ' ಎಂದು ಬರೆದು ಸಹಿ ಹಾಕಬೇಕು, ಅಷ್ಟೇ. "ಅಂದ್ರೆ ಅದು ಅಲ್ಲೇ ಇರುತ್ತೆ, ಸಾರ್ಜೆಂಟ್. ಮುಂದೆ ಬಂದವರೆಲ್ಲ ಓದ್ತಾರೆ." ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಮತ್ತೆ... ನಾಳೆ ಬೆಂಕಿ ಹಚ್ಚೋಕೆ ಹೆಂಟೆ ಎಲ್ಲಿಟ್ಟಿದ್ದಾಳೆ ಅಂತ ಸ್ವಲ್ಪ ಕೇಳ್ತೀರಾ?"

ಕೇಳಿದಾಗ ಡಿಂಪ್ನಾ ಬೆಂಚಿನ ಮೇಲಿಂದ ತಲೆಯೆತ್ತಿದಳು. "ಮೆಟ್ಟಿಲ ಕೆಳಗೆ. ಅಳಿಸೋ ಹಾಗಿಲ್ಲ ಅಂದ್ನಾ?"

"ಅಂದ್ರು."

"ಆ ನಿಯಮ ಅವನು ಹುಟ್ಟೋಕೆ ಮುಂಚೆ ನಾನು ಬಾಯಿಪಾಠ ಮಾಡಿದ್ದು," ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಟಿಯರ್ನನ್ ಟೈಪ್‌ರೈಟರಿಗೆ ಹಾಳೆ ಏರಿಸಿದ. "ಹನ್ನೊಂದು ಹೆಸರೂ ಪೂರ್ತಿ ಹೊಡೀಬೇಕಾ, ಸಾರ್ಜೆಂಟ್? ಹನ್ನೊಂದು ನಮೂದು ಅಂದ್ರೆ ಸಾಲದಾ?"

"ಪೂರ್ತಿ ಹೊಡಿ. ಅಂಚಲ್ಲಿರೋದೂ ಸೇರಿಸಿ."

ಏಳೂವರೆಗೆ ಪಂಚನಾಮೆ ಸಿದ್ಧವಾಯಿತು. ಏಳನೆಯ ಹೆಸರು ಒನೋರಾ ಗೀಲನ್, ಸೂಲಗಿತ್ತಿ. ಅಟ್ರಾಕ್ಟಾ ಪ್ರತಿ ಸಾಲನ್ನೂ ಮೂಲದೊಂದಿಗೆ ತಾಳೆ ನೋಡಿದಳು. ತಪ್ಪೇನೂ ಇರಲಿಲ್ಲ. ಪುಟದ ಕೊನೆಯಲ್ಲಿ ಸಹಿ ಹಾಕಿ, ಮುದ್ರೆ ಒತ್ತಿದಳು.